ಎಟಿಪಿ ಬಂಧ ಮುರಿದರೆ ಶಕ್ತಿ ಬರುತ್ತದಾ, ಖರ್ಚಾಗುತ್ತದಾ? ಇಬ್ಬರು ಉಪನ್ಯಾಸಕರು, ಎರಡು ಉತ್ತರ

ದಾವಣಗೆರೆ ಸುಮಾ
ಎಲ್ಲರಿಗೂ ನಮಸ್ಕಾರ. ಮಗಳು ಪ್ರಥಮ ಪಿಯು ವಿಜ್ಞಾನ ಓದುತ್ತಿದ್ದಾಳೆ. ಪ್ರಶ್ನೆ ಎಟಿಪಿಯ ಬಗ್ಗೆ, ಅಂದರೆ ಜೀವಕೋಶ ತನ್ನ ಕೆಲಸಗಳಿಗೆ ಶಕ್ತಿಗಾಗಿ ಬಳಸುವ ಅಣುವಿನ ಬಗ್ಗೆ. ನಿನ್ನೆ ಸಂಜೆ ಕಾಲೇಜಿನಿಂದ ಬಂದವಳೇ ಎರಡು ನೋಟ್ಸ್ ತೆಗೆದು ಅಡುಗೆಮನೆ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟಳು. ಜೀವಶಾಸ್ತ್ರದ ನೋಟ್ಸಿನಲ್ಲಿ "ಎಟಿಪಿಯ ಕೊನೆಯ ಫಾಸ್ಫೇಟ್ ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ" ಎಂದಿದೆ. ರಸಾಯನಶಾಸ್ತ್ರದ ನೋಟ್ಸಿನಲ್ಲಿ "ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು, ಬಂಧ ಕೂಡಿದಾಗ ಮಾತ್ರ ಶಕ್ತಿ ಹೊರಬರುತ್ತದೆ" ಎಂದಿದೆ. ಎರಡಕ್ಕೂ ಕೆಂಪು ಶಾಯಿಯ ಅಡಿಗೆರೆ. "ಅಮ್ಮಾ, ಇದರಲ್ಲಿ ಯಾವುದು ಸುಳ್ಳು?" ಎಂದು ಕೇಳಿದಳು.

ನಾನು ಬಿಎಸ್ಸಿ ಮುಗಿಸಿ 20 ವರ್ಷದ ಮೇಲಾಯಿತು. ಕುಕ್ಕರ್ ಮೂರು ಸಲ ಕೂಗಿದರೂ ಉತ್ತರ ಹೊಳೆಯಲಿಲ್ಲ. ತರಗತಿಯಲ್ಲಿ ಕೇಳಿದ್ದಕ್ಕೆ "ಪರೀಕ್ಷೆಗೆ ಇಷ್ಟು ಸಾಕು" ಅಂದರಂತೆ. ಅವಳಿಗೆ ಸಾಕಾಗಿಲ್ಲ, ನನಗೂ ಸಾಕಾಗಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕಿಣ್ವ
ರಸಾಯನಶಾಸ್ತ್ರದವರು ಹೇಳಿದ್ದು ಸರಿ. ಬಂಧ ಮುರಿದು ಶಕ್ತಿ ಬರುವುದಿಲ್ಲ, ಎಲ್ಲೂ ಬರುವುದಿಲ್ಲ.

ಪಿಯು ಜೀವಶಾಸ್ತ್ರ
ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ ಸರ್. ನಾನು 16 ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. "ಬಂಧ ಮುರಿದಾಗ" ಎನ್ನುವುದು ಇಡೀ ಕ್ರಿಯೆಯನ್ನು ಚಿಕ್ಕದಾಗಿ ಹೇಳುವ ಮಾತು. ಒಂದು ಸೆಕ್ಷನ್ನಿನಲ್ಲಿ 90 ಮಕ್ಕಳಿರುತ್ತಾರೆ, ನೀಟ್ ಪರೀಕ್ಷೆ ತಲೆಯ ಮೇಲಿರುತ್ತದೆ. ಎಲ್ಲವನ್ನೂ ಬಿಡಿಸಿ ಹೇಳಲು ಪೀರಿಯಡ್ ಸಾಲುವುದಿಲ್ಲ.

ಕಿಣ್ವ
ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಆ ಚಿಕ್ಕ ಮಾತೇ ಮಕ್ಕಳ ತಲೆಯಲ್ಲಿ ಒಂದು ತಪ್ಪು ಚಿತ್ರ ಕೂರಿಸಿಬಿಡುತ್ತದೆ. ಪಟಾಕಿಯೊಳಗೆ ಮದ್ದು ತುಂಬಿದ ಹಾಗೆ ಬಂಧದೊಳಗೆ ಶಕ್ತಿ ತುಂಬಿದೆ, ಒಡೆದರೆ ಹೊರಗೆ ಬರುತ್ತದೆ ಎಂಬ ಚಿತ್ರ. ನಾನೂ ಎಂಎಸ್ಸಿ ಸೇರುವವರೆಗೆ ಹಾಗೇ ನಂಬಿದ್ದೆ.

ಸುಮಾ ಮೇಡಂ, ನಡೆಯುವುದು ಇಷ್ಟು. ಎಟಿಪಿ ಒಂಟಿಯಾಗಿ ಮುರಿಯುವುದಿಲ್ಲ, ನೀರಿನ ಜೊತೆ ವರ್ತಿಸುತ್ತದೆ. ಒಂದು ಹಳೇ ಬಂಧ ಹೋಗುತ್ತದೆ, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ನೀರಿನ ಅಣುವಿನಲ್ಲೂ ಒಂದು ಬಂಧ ಬಿಡಿಸಬೇಕು, ಅದಕ್ಕೂ ಖರ್ಚು. ಆಮೇಲೆ ಹೊಸ ಬಂಧಗಳು ಕೂಡುತ್ತವೆ, ಅಲ್ಲಿ ಆದಾಯ. ಎಟಿಪಿಯಲ್ಲಿ ಮೂರು ಫಾಸ್ಫೇಟ್ ಸಾಲಾಗಿವೆ, ಸುಮಾರು ನಾಲ್ಕು ಋಣ ಆವೇಶಗಳು ಒಂದಕ್ಕೊಂದು ಒತ್ತಿಕೊಂಡಿವೆ. ಬೇರೆಯಾದ ಮೇಲೆ ಆ ನೂಕಾಟ ಕಡಿಮೆ. ಬಿಡುಗಡೆಯಾದ ಫಾಸ್ಫೇಟನ್ನು ನೀರು ಚೆನ್ನಾಗಿ ಸುತ್ತುವರಿಯುತ್ತದೆ. ಒಟ್ಟು ಲೆಕ್ಕದಲ್ಲಿ ಆದಾಯ ಜಾಸ್ತಿ, ಆ ಉಳಿಕೆಯೇ ನಾವು ಹೇಳುವ ಶಕ್ತಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಪುಸ್ತಕದಲ್ಲಿ ಒಂದು ಮೋಲ್ ಎಟಿಪಿಗೆ 30.5 ಕಿಲೋಜೂಲ್ ಎಂದಿರುತ್ತದೆ. ಜೀವಕೋಶದೊಳಗೆ ಅದೇ ಎಟಿಪಿಯಿಂದ 50ರ ಆಸುಪಾಸು ಸಿಗುತ್ತದೆ. ಅದೇ ಅಣು, ಅದೇ ಬಂಧ. ಶಕ್ತಿ ಬಂಧದೊಳಗೇ ಇದ್ದಿದ್ದರೆ ಜಾಗ ಬದಲಾದ ಮಾತ್ರಕ್ಕೆ ಅಂಕಿ ಯಾಕೆ ಬದಲಾಗಬೇಕು?

ದಾವಣಗೆರೆ ಸುಮಾ
ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. "ಹಾಗಾದರೆ ಯಾಕೆ ಬದಲಾಗುತ್ತೆ?" ಅಂತ ಕೇಳುತ್ತಿದ್ದಾಳೆ.

ಕಿಣ್ವ
ನಿಮ್ಮ ಮನೆಯಲ್ಲಿ ಸಂಪು ಇದೆಯಲ್ವಾ, ಮೇಲೆ ಟ್ಯಾಂಕ್ ಇದೆಯಲ್ವಾ? ಎರಡರಲ್ಲೂ ಇರುವುದು ಅದೇ ನೀರು. ಟ್ಯಾಂಕಿನ ನೀರು ನಲ್ಲಿಯಲ್ಲಿ ರಭಸವಾಗಿ ಬರುವುದು ಅದನ್ನು ಮೋಟಾರ್ ಮೇಲಕ್ಕೆ ಏರಿಸಿದ್ದರಿಂದ. ಜೀವಕೋಶವೂ ಹಾಗೇ. ಎಟಿಪಿಯಿಂದ ಒಂದು ಫಾಸ್ಫೇಟ್ ಕಳಚಿದರೆ ಉಳಿಯುವ ಎಡಿಪಿಯನ್ನು ಹಿಡಿದು ಹಿಡಿದು ಮತ್ತೆ ಎಟಿಪಿ ಮಾಡಿ ಮೇಲೆ ಏರಿಸುತ್ತಲೇ ಇರುತ್ತದೆ. ಸುಮ್ನೆ ಬಿಟ್ಟರೆ ಎಟಿಪಿ ಹೆಚ್ಚುಕಡಿಮೆ ಪೂರ್ತಿ ಎಡಿಪಿಯಾಗಿ ಸಮತೋಲನಕ್ಕೆ ಬಂದು ನಿಲ್ಲುತ್ತದೆ. ಜೀವಕೋಶ ಅದನ್ನು ಆ ಸಮತೋಲನದಿಂದ ಕೋಟಿಗಟ್ಟಲೆ ಪಟ್ಟು ದೂರ ಇಟ್ಟಿರುತ್ತದೆ. ಕೆಲಸ ಮಾಡಿಸುವುದು ಆ ದೂರ.

ಹಳೇ ಪುಸ್ತಕ
ಸಂಪಿನ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಮೇಲೂ ಕೆಳಗೂ ನೀರು ನೀರೇ, ಎಟಿಪಿ ಎಡಿಪಿ ಬೇರೆ ಬೇರೆ ಅಣು. ಅಣುವಿನ ರಚನೆಗೂ ಪಾಲಿದೆ, ಆ ನೂಕಾಟವನ್ನು ನೀವೇ ಹೇಳಿದಿರಿ.

ಕಿಣ್ವ
ಒಪ್ಪಿದೆ. ರಚನೆಯ ಪಾಲು ಆ 30.5. ಅದರ ಮೇಲಿನದ್ದು ಏರಿಸಿ ಇಟ್ಟಿದ್ದರಿಂದ ಬಂದದ್ದು. ಆದರೆ ಸಮತೋಲನಕ್ಕೆ ಬಂದುಬಿಟ್ಟರೆ ಅಳಿದುಳಿದ ಎಟಿಪಿಯಿಂದ ಒಂದು ಚೂರೂ ಕೆಲಸ ತೆಗೆಯಲು ಆಗುವುದಿಲ್ಲ. ಅಣು ಅಲ್ಲೇ ಇರುತ್ತದೆ, ಬಂಧವೂ ಇರುತ್ತದೆ, ಶಕ್ತಿ ಇರುವುದಿಲ್ಲ. ಈ ಒಂದು ಮಾತು ಮಕ್ಕಳಿಗೆ ತಲುಪಬೇಕು ಎಂಬುದು ನನ್ನ ಆಸೆ.

ಲೆಕ್ಕ ಕೇಳುವವ
ಇದಕ್ಕೆ ಸೇರಿದ್ದೇ ಒಂದು ಪ್ರಶ್ನೆ. ಮನುಷ್ಯನ ಮೈ ದಿನಕ್ಕೆ 40 ಕೆಜಿ ಎಟಿಪಿ ಮಾಡುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂದಿತ್ತು. ನಾನು ನಂಬಲಿಲ್ಲ. ನನ್ನ ತೂಕವೇ 62.

ಕಿಣ್ವ
ನಂಬಬೇಡಿ, ಲೆಕ್ಕ ಹಾಕಿ ನೋಡಿ. ದಿನಕ್ಕೆ 2000 ಕಿಲೋಕ್ಯಾಲರಿ ಊಟ ಎಂದಿಟ್ಟುಕೊಳ್ಳಿ, ಅಷ್ಟೂ ಗ್ಲೂಕೋಸ್ ಆಗಿ ಉರಿಯಲಿ. ಒಂದು ಮೋಲ್ ಗ್ಲೂಕೋಸಿಗೆ 686. ಅಂದರೆ ಸುಮಾರು 2.9 ಮೋಲ್. ಒಂದೊಂದಕ್ಕೆ 30 ಎಟಿಪಿ ಅಂದರೆ 87 ಮೋಲ್. ಒಂದು ಮೋಲ್ ಎಟಿಪಿ 507 ಗ್ರಾಂ. ಗುಣಿಸಿದರೆ 44 ಕೆಜಿ ಬರುತ್ತದೆ.

ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಮೈಯಲ್ಲಿರುವುದು 100 ಗ್ರಾಂ ಸುಮಾರು ಮಾತ್ರ. ಅಂದರೆ ಒಂದೊಂದು ಅಣುವೂ ದಿನಕ್ಕೆ 400 ಸಲಕ್ಕಿಂತ ಜಾಸ್ತಿ ಖಾಲಿಯಾಗಿ ತುಂಬುತ್ತದೆ. ಟ್ಯಾಂಕ್ ತೀರಾ ಚಿಕ್ಕದು, ಮೋಟಾರ್ ನಿಲ್ಲುವ ಹಾಗೇ ಇಲ್ಲ.

ಲೆಕ್ಕ ಕೇಳುವವ
ಪೆನ್ನು ಹಿಡಿದು ಹಾಕಿದೆ, 44 ಬಂತು. ಧನ್ಯವಾದ.

ಪಿಯು ಜೀವಶಾಸ್ತ್ರ
ಅಲ್ಲ ಸರ್, 30 ಎಲ್ಲಿಂದ ತಂದಿರಿ? ಪಠ್ಯದಲ್ಲಿ 38 ಇದೆ.

ಹಳೇ ಪುಸ್ತಕ
ಅದೇ ಪಠ್ಯದಲ್ಲಿ, ಇದು ಕೆಲವು ಊಹೆಗಳ ಮೇಲೆ ಹಾಕಿದ ಲೆಕ್ಕ, ಜೀವಂತ ಕೋಶದಲ್ಲಿ ಆ ಊಹೆಗಳು ನಿಲ್ಲುವುದಿಲ್ಲ ಎಂದೂ ಬರೆದಿದೆ ಸರ್. ಆ ಸಾಲನ್ನು ಯಾರೂ ಓದಿಸುವುದಿಲ್ಲ.

ಆಹಾರದಿಂದ ತೆಗೆದ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ಎರಡು ಬಗೆಯ ಅಣುಗಳಿವೆ, ಅವುಗಳ ಹಳೇ ಲೆಕ್ಕ ಹೀಗೆ: 10 ಎನ್‌ಎಡಿಎಚ್, ಒಂದಕ್ಕೆ 3ರಂತೆ 30. ಎರಡು ಎಫ್‌ಎಡಿಎಚ್2, ಒಂದಕ್ಕೆ 2ರಂತೆ 4. ನೇರವಾಗಿ ಬಂದದ್ದು 4. ಒಟ್ಟು 38. ಈಗ ಅಳತೆ ಮಾಡಿ ನೋಡಿದರೆ 3ರ ಜಾಗದಲ್ಲಿ 2.5, 2ರ ಜಾಗದಲ್ಲಿ 1.5. ಮೈಟೊಕಾಂಡ್ರಿಯಾದ (ಜೀವಕೋಶದಲ್ಲಿ ಎಟಿಪಿ ತಯಾರಾಗುವ ಪುಟ್ಟ ಭಾಗ) ಒಳಗಿನ 8 ಎನ್‌ಎಡಿಎಚ್‌ಗೆ 20, ಎಫ್‌ಎಡಿಎಚ್2ಗೆ 3, ನೇರದ್ದು 4, ಹೊರಗಿನಿಂದ ಒಳಗೆ ದಾಟಿಸಬೇಕಾದ ಎರಡಕ್ಕೆ, ದಾಟುವ ದಾರಿ ಯಾವುದು ಎಂಬುದರ ಮೇಲೆ, 3 ಅಥವಾ 5. ಆದ್ದರಿಂದ 30 ಅಥವಾ 32.

ದಾವಣಗೆರೆ ಸುಮಾ
ಪರೀಕ್ಷೆಯಲ್ಲಿ ಯಾವುದು ಬರೆಯಬೇಕು?

ಪಿಯು ಜೀವಶಾಸ್ತ್ರ
ಪರೀಕ್ಷೆಯಲ್ಲಿ 38 ಬರೆಯಲಿ ಮೇಡಂ. ಅಂಕ ಕಳೆದುಕೊಳ್ಳುವುದು ಬೇಡ.

ಕಿಣ್ವ
ಬರೆಯಲಿ. ಆದರೆ 2.5 ಎಂಬ ಅರ್ಧ ಎಲ್ಲಿಂದ ಬಂತು ಎಂದು ಕೇಳಲಿ. ಅರ್ಧ ಎಟಿಪಿ ಎಂಬುದು ಇಲ್ಲವಲ್ಲ? ಉತ್ತರ ತುಂಬಾ ಚೆಂದವಿದೆ. ಆಹಾರದ ಶಕ್ತಿ ನೇರವಾಗಿ ಎಟಿಪಿಗೆ ಹೋಗುವುದಿಲ್ಲ. ಮೊದಲು ಅದು ಪ್ರೋಟಾನುಗಳನ್ನು ಪೊರೆಯ ಒಂದು ಬದಿಗೆ ತಳ್ಳುತ್ತದೆ. ಅವು ವಾಪಸ್ ಬರುವಾಗ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತವೆ. ಚಕ್ರ ಒಂದು ಸುತ್ತು ಬಂದರೆ ಮೂರು ಎಟಿಪಿ. ನಮ್ಮ ಮೈಯ ಚಕ್ರದಲ್ಲಿ 8 ಹಲ್ಲುಗಳಿವೆ, ಒಂದು ಸುತ್ತಿಗೆ 8 ಪ್ರೋಟಾನ್ ಬೇಕು. ಎಟಿಪಿಯನ್ನು ಹೊರಗೆ ಸಾಗಿಸಲು ಇನ್ನಷ್ಟು. ಭಾಗಿಸಿದಾಗ ಪೂರ್ಣ ಅಂಕಿ ಬರಲೇಬೇಕು ಎಂಬ ನಿಯಮವೇ ಇಲ್ಲ.

ಬೆಳ್ತಂಗಡಿ ಹುಡುಗ
ಚಕ್ರ ಅಂದರೆ ಸುಮ್ನೆ ಹೋಲಿಕೆನಾ, ನಿಜವಾಗಿ ತಿರುಗುತ್ತದಾ?

ಕಿಣ್ವ
ನಿಜವಾಗಿ ತಿರುಗುತ್ತದೆ ಮಾರಾಯ್ರೇ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಚಕ್ರವಿರುವ ಕಿಣ್ವವನ್ನು (ಕ್ರಿಯೆ ನಡೆಸುವ ಪ್ರೋಟೀನನ್ನು) ಗಾಜಿಗೆ ಅಂಟಿಸಿ, ಅದರ ನಡುಕಂಬಕ್ಕೆ ಹೊಳೆಯುವ ಒಂದು ಪ್ರೋಟೀನ್ ಎಳೆ ಕಟ್ಟಿ, ಎಟಿಪಿ ಹಾಕಿದರು. ಸೂಕ್ಷ್ಮದರ್ಶಕದಲ್ಲಿ ಎಳೆ ಗಡಿಯಾರದ ಮುಳ್ಳಿನಂತೆ ಸುತ್ತುವುದು ಕಣ್ಣಿಗೇ ಕಂಡಿತು. ಅದೇ ವರ್ಷ ಈ ಕಿಣ್ವದ ಕೆಲಸಕ್ಕೆ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಅವರಿಗೆ ನೊಬೆಲ್ ಬಂತು.

ಹಳೇ ಪುಸ್ತಕ
ಪ್ರೋಟಾನಿನ ಕತೆಯನ್ನು ಮೊದಲು ಹೇಳಿದವರು ಪೀಟರ್ ಮಿಚೆಲ್, 1961ರಲ್ಲಿ. ಆಗ ಒಪ್ಪಿದವರು ಕಡಿಮೆ. ಎಲ್ಲರೂ ನಡುವೆ ಇರಬೇಕಾದ ಯಾವುದೋ ರಾಸಾಯನಿಕವನ್ನು ಹುಡುಕುತ್ತಿದ್ದರು. ಮಿಚೆಲ್ ವಿಶ್ವವಿದ್ಯಾಲಯ ಬಿಟ್ಟು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಒಂದು ಹಳೇ ಬಂಗಲೆ ದುರಸ್ತಿ ಮಾಡಿಸಿ, ಅಲ್ಲೇ ಪ್ರಯೋಗಶಾಲೆ ಇಟ್ಟುಕೊಂಡರು. 1978ರಲ್ಲಿ ನೊಬೆಲ್ ಬಂತು.

ನನಗೆ ತುಂಬಾ ಇಷ್ಟವಾದದ್ದು ಪಾಲಕ್ ಸೊಪ್ಪಿನ ಪ್ರಯೋಗ. 1966ರಲ್ಲಿ ಜಾಗೆನ್‌ಡಾರ್ಫ್ ಮತ್ತು ಉರಿಬೆ ಮಾಡಿದ್ದು. ಪಾಲಕ್ ಎಲೆಯ ಹರಿತ್ತಿನ ಪೊರೆಗಳನ್ನು ಕತ್ತಲೆಯಲ್ಲಿ ಹುಳಿ ದ್ರಾವಣದಲ್ಲಿ ನೆನೆಸಿದರು, ಆಮೇಲೆ ಒಮ್ಮೆಲೇ ಕ್ಷಾರದ ದ್ರಾವಣಕ್ಕೆ ಹಾಕಿದರು. ಒಳಗೆ ಹುಳಿ, ಹೊರಗೆ ಕ್ಷಾರ. ಬೆಳಕು ಇಲ್ಲವೇ ಇಲ್ಲ, ಆದರೂ ಎಟಿಪಿ ತಯಾರಾಯಿತು. ಎರಡು ಬದಿಯ ವ್ಯತ್ಯಾಸ ಒಂದಿದ್ದರೆ ಸಾಕು ಎಂದು ಗೊತ್ತಾಯಿತು.

ಮೂಡಿಗೆರೆ ತೋಟ
ಅಂದರೆ ಗಿಡದಲ್ಲೂ ನಮ್ಮಲ್ಲೂ ಅದೇ ಚಕ್ರವಾ?

ಹಳೇ ಪುಸ್ತಕ
ಹೆಚ್ಚುಕಡಿಮೆ ಅದೇ. ಬ್ಯಾಕ್ಟೀರಿಯಾದಲ್ಲೂ ಅದೇ.

ಇಳಕಲ್ ಪಶುವೈದ್ಯ
ಈ ಚಕ್ರ ನಿಂತರೆ ಏನಾಗುತ್ತದೆ ಎಂದು ನಾನು ಹೊಲದಲ್ಲಿ ನಿಂತು ನೋಡಿದ್ದೇನೆ.

ಮಳೆ ಕೈಕೊಟ್ಟ ವರ್ಷ. ಸಂಜೆ ಐದರ ಹೊತ್ತಿಗೆ ಫೋನ್ ಬಂತು, ಎರಡು ಆಕಳು ಬಿದ್ದಿವೆ ಡಾಕ್ಟ್ರೇ ಎಂದು. ಕಟಾವು ಮಾಡಿದ ಜೋಳದ ಹೊಲದಲ್ಲಿ ಕೂಳೆ ಚಿಗುರಿತ್ತು, ಗೇಣುದ್ದ, ಕಡು ಹಸಿರು. ಹಗ್ಗ ಹರಿದುಕೊಂಡು ಹೋಗಿ ಮೇಯ್ದಿದ್ದವು. ನಾನು ಹೋಗುವಷ್ಟರಲ್ಲಿ ಒಂದು ಸತ್ತಿತ್ತು. ಇನ್ನೊಂದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಕಾಲು ನಡುಗುತ್ತಿದ್ದವು. ತುಟಿ ಎತ್ತಿ ನೋಡಿದರೆ ಒಸಡು ಕೆಂಪಗೆ ಹೊಳೆಯುತ್ತಿತ್ತು. ಉಸಿರು ಕಟ್ಟಿದ ದನದ ಒಸಡು ನೀಲಿಗಟ್ಟಬೇಕು. ಇಲ್ಲಿ ರಕ್ತದ ತುಂಬಾ ಆಮ್ಲಜನಕ ಇತ್ತು, ಅದನ್ನು ಬಳಸುವವರೇ ಇರಲಿಲ್ಲ.

ಎಳೆ ಜೋಳದಲ್ಲಿ ಸಯನೈಡ್ ಬಿಡುವ ವಸ್ತು ಇರುತ್ತದೆ. ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕ ತೆಗೆದುಕೊಳ್ಳುವ ಕೊನೆಯ ಕಿಣ್ವಕ್ಕೆ ಸಯನೈಡ್ ಅಂಟಿಕೊಂಡರೆ ಪ್ರೋಟಾನ್ ತಳ್ಳುವ ಕೆಲಸ ನಿಂತಿತು, ಎಟಿಪಿಯೂ ನಿಂತಿತು. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಆ ಆಕಳು ಎದ್ದು ನಿಂತಿತು. ಮನೆಯವರು ಅದರ ಕೊರಳು ತಬ್ಬಿಕೊಂಡು ಅತ್ತರು.

ಕಲಬುರಗಿ ರೈತ
ಡಾಕ್ಟ್ರೇ, ನಮ್ಮಲ್ಲೂ ಹೀಗಾಗ್ಯದ. ಎಷ್ಟು ಎತ್ತರ ಬೆಳೆದ ಮೇಲೆ ಮೇಯಿಸಬಹುದು?

ಇಳಕಲ್ ಪಶುವೈದ್ಯ
ಹೂ ಬರುವ ತನಕ ಹಸಿ ಜೋಳ ಹಾಕಬೇಡಿ ಅಣ್ಣ. ಮಳೆಯಿಲ್ಲದೆ ಬಾಡಿದ ಪೈರು, ಮತ್ತೆ ಚಿಗುರಿದ ಕೂಳೆ ಇವೆರಡೂ ಜಾಸ್ತಿ ಅಪಾಯ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಭಯ ಕಡಿಮೆ. ದನ ಬಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಫೋನ್ ಮಾಡಿ. ನಿಮಿಷಗಳ ಲೆಕ್ಕ ಇದು.

ಬೆಳ್ತಂಗಡಿ ಹುಡುಗ
ವಿಷಯ ಸ್ವಲ್ಪ ಬದಲಿಸುತ್ತೇನೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಎಲ್ಲರಿಗೂ ಗೊತ್ತು. ಅಷ್ಟು ಹೊತ್ತಿಗೆ ಉಸಿರಿನ ಆಮ್ಲಜನಕ ಕಾಲಿಗೆ ತಲುಪುವುದೇ ಕಷ್ಟ ಅಲ್ವಾ? ಆ ಶಕ್ತಿ ಎಲ್ಲಿಂದ?

ಲೆಕ್ಕ ಕೇಳುವವ
ಮುಂದೆ ಕೋಣ ಎಳೆಯುತ್ತಿತ್ತು ಎನ್ನುವುದನ್ನೂ ಸೇರಿಸಿ. ಟ್ರ್ಯಾಕ್ ಓಟದ ಜೊತೆ ಹೋಲಿಸಬೇಡಿ.

ಬೆಳ್ತಂಗಡಿ ಹುಡುಗ
ಕೋಣ ಎಳೆದರೂ ಕಾಲು ಎತ್ತಿ ಇಡಬೇಕಾದವರು ಅವರೇ ಅಣ್ಣ, ಅದೂ ಕೆಸರಿನಲ್ಲಿ. ಒಮ್ಮೆ ಗದ್ದೆಗಿಳಿದು ನೋಡಿ.

ಹಳೇ ಪುಸ್ತಕ
ಸ್ನಾಯುವಿನಲ್ಲಿರುವ ಎಟಿಪಿ ಜೋರಾದ ಓಟಕ್ಕೆ ಒಂದೆರಡು ಸೆಕೆಂಡಿಗಷ್ಟೇ ಸಾಲುತ್ತದೆ. ಕೂಡಲೇ ನೆರವಿಗೆ ಬರುವುದು ಫಾಸ್ಫೋಕ್ರಿಯಾಟಿನ್. ಅದು ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಎಟಿಪಿ ಮಾಡುತ್ತದೆ. ಅದು ಸುಮಾರು 10 ಸೆಕೆಂಡ್. ಜೊತೆಗೇ ಆಮ್ಲಜನಕ ಬೇಡದ ಗ್ಲೂಕೋಸ್ ದಾರಿಯೂ ತೆರೆಯುತ್ತದೆ. ಕಂಬಳದ ಓಟ ಹೆಚ್ಚುಕಡಿಮೆ ಇವೆರಡರಲ್ಲೇ ಮುಗಿಯುತ್ತದೆ.

ಈ ಫಾಸ್ಫೋಕ್ರಿಯಾಟಿನ್ ಕಂಡುಹಿಡಿದವರಲ್ಲಿ ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕೆ ಜೊತೆ, 1927ರಲ್ಲಿ.

ಮೂಡಿಗೆರೆ ತೋಟ
ಸುಬ್ಬರಾವ್ ಕನ್ನಡದವರಾ?

ಹಳೇ ಪುಸ್ತಕ
ಅಲ್ಲ, ತೆಲುಗಿನವರು. 1895ರಲ್ಲಿ ಭೀಮಾವರದಲ್ಲಿ ಹುಟ್ಟಿದ್ದು, ಮದರಾಸಿನಲ್ಲಿ ವೈದ್ಯಕೀಯ ಓದಿದ್ದು. ಎಟಿಪಿಯನ್ನೂ 1929ರಲ್ಲಿ ಫಿಸ್ಕೆ ಮತ್ತು ಸುಬ್ಬರಾವ್ ಅಮೆರಿಕದಲ್ಲಿ, ಕಾರ್ಲ್ ಲೋಮನ್ ಜರ್ಮನಿಯಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದರು. ನಮ್ಮ ಮಕ್ಕಳ ಪಾಠದಲ್ಲಿ ಈ ಹೆಸರು ಬರಬೇಕು. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಪಿಯು ಜೀವಶಾಸ್ತ್ರ
ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ರಂಜಕ ಅಳೆಯಲು ಫಿಸ್ಕೆ-ಸುಬ್ಬರಾವ್ ವಿಧಾನ ಮಾಡಿದ್ದೆವು. ಬಣ್ಣ ನೀಲಿಗೆ ತಿರುಗುವುದು ಇನ್ನೂ ಕಣ್ಣ ಮುಂದೆ ಇದೆ. ಅದೇ ಸುಬ್ಬರಾವ್ ಎಂದು ಆಗ ಯಾರೂ ಹೇಳಿರಲಿಲ್ಲ.

ಹಾಲಿನ ಲ್ಯಾಬ್
ನಾನು ಎಟಿಪಿಯನ್ನು ದಿನವೂ ಬೆಳಿಗ್ಗೆ ಅಳೆಯುತ್ತೇನೆ. ಹಾಲಿನ ಘಟಕದಲ್ಲಿ ಗುಣಮಟ್ಟ ನೋಡುವ ಕೆಲಸ. ಪೈಪ್ ತೊಳೆದ ಮೇಲೆ ಬೆಂಡ್ ಇರುವ ಜಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸುತ್ತೇವೆ. ಕಡ್ಡಿಯನ್ನು ಅದರ ಕೊಳವೆಗೆ ತಳ್ಳಿ ಅಲುಗಾಡಿಸಿ, ಅಂಗೈಯಷ್ಟು ದೊಡ್ಡ ಯಂತ್ರದಲ್ಲಿ ಇಟ್ಟರೆ ಅಂಕಿ ತೋರಿಸುತ್ತದೆ. ಕೊಳವೆಯೊಳಗೆ ಇರುವುದು ಮಿಂಚುಹುಳದ ಕಿಣ್ವ ಮತ್ತು ಅದರ ಜೊತೆಯ ವಸ್ತು. ಎಟಿಪಿ ಸಿಕ್ಕರೆ ಅದು ಬೆಳಕು ಬಿಡುತ್ತದೆ. ಬೆಳಕು ಜಾಸ್ತಿ ಅಂದರೆ ಕೊಳೆ ಜಾಸ್ತಿ, ಮತ್ತೆ ತೊಳೆಯಬೇಕು.

ಹಾಲಿನ ಉಳಿಕೆಯಲ್ಲೂ ಎಟಿಪಿ ಇರುತ್ತದೆ, ಬ್ಯಾಕ್ಟೀರಿಯಾದಲ್ಲೂ ಇರುತ್ತದೆ. ಯಾವುದು ಎಷ್ಟು ಎಂದು ಇದು ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ.

ದಾವಣಗೆರೆ ಸುಮಾ
ಮಿಂಚುಹುಳ ಅಂದ ಕೂಡಲೇ ಮಗಳು ಕುರ್ಚಿ ಬಿಟ್ಟು ಎದ್ದಳು! ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿಗೆ ಹೋದಾಗ ಒಂದು ಇಡೀ ಮರ ಮಿಣುಕುತ್ತಿದ್ದುದನ್ನು ನೋಡಿದ್ದಳು. ಅದೂ ಎಟಿಪಿಯೇ ಅಂತ ಈಗ ಗೊತ್ತಾಯಿತು.

ಮೂಡಿಗೆರೆ ತೋಟ
ಕಾಫಿಯ ಮಾತನ್ನು ಯಾರೂ ಎತ್ತಲಿಲ್ಲ. ಕಾಫಿ ಕುಡಿದರೆ ಶಕ್ತಿ ಬರುತ್ತದೆ ಎನ್ನುತ್ತಾರಲ್ಲ, ಎಟಿಪಿ ಜಾಸ್ತಿ ಆಗುತ್ತದಾ?

ಕಿಣ್ವ
ಇಲ್ಲ. ಎಟಿಪಿಯಿಂದ ಮೂರೂ ಫಾಸ್ಫೇಟ್ ಕಳಚಿದರೆ ಉಳಿಯುವುದು ಅಡಿನೋಸಿನ್. ಎಚ್ಚರ ಇದ್ದಷ್ಟೂ ಮಿದುಳಿನಲ್ಲಿ ಅದು ಸೇರುತ್ತಾ ಹೋಗುತ್ತದೆ, ನಿದ್ದೆ ಎಳೆಯುತ್ತದೆ. ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ದಣಿವು ಹಾಗೇ ಇರುತ್ತದೆ, ಅದರ ಸುದ್ದಿ ತಲುಪುವುದಿಲ್ಲ.

ಮೂಡಿಗೆರೆ ತೋಟ
ಕೊಯ್ಲಿನ ದಿನಗಳಲ್ಲಿ ಆಳುಗಳಿಗೆ ಕಾಫಿಯ ಜೊತೆ ತಿಂಡಿ ಕೊಡಲೇಬೇಕು ಎಂದು ನಮ್ಮಮ್ಮ ಹಟ ಹಿಡಿಯುತ್ತಿದ್ದರು. ಈಗ ಸರಿ ಎನಿಸುತ್ತಿದೆ.

ಅಜ್ಜಿ ಮನೆ
ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಹೋದ ತಿಂಗಳು ಅಜ್ಜಿ ತೀರಿಕೊಂಡರು. ಉಸಿರು ನಿಂತ ಕೂಡಲೇ ದೊಡ್ಡಪ್ಪ ಬಿಳಿ ಬಟ್ಟೆಯಿಂದ ಅಜ್ಜಿಯ ಗದ್ದ ಕಟ್ಟಿದರು, ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದರು. "ಬೇಗ, ಆಮೇಲೆ ಆಗಲ್ಲ" ಎನ್ನುತ್ತಿದ್ದರು. ಎರಡು ಮೂರು ಗಂಟೆ ಕಳೆದ ಮೇಲೆ ನಾನು ಅಜ್ಜಿಯ ಕೈ ಹಿಡಿದೆ. ಬೆರಳು ಬಗ್ಗಲಿಲ್ಲ. ಶಕ್ತಿಯೆಲ್ಲ ಹೋದ ಮೇಲೆ ಮೈ ಸಡಿಲವಾಗಬೇಕಲ್ವಾ? ಯಾಕೆ ಬಿಗಿಯಾಗುತ್ತದೆ?

ಕಿಣ್ವ
ಕೇಳಬೇಕಾದ ಪ್ರಶ್ನೆಯೇ. ಅಜ್ಜಿಯನ್ನು ಕಳೆದುಕೊಂಡ ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ.

ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ಒಂದರ ಮೇಲಿನ ಪುಟ್ಟ ತಲೆಗಳು ಇನ್ನೊಂದನ್ನು ಹಿಡಿದು ಎಳೆಯುತ್ತವೆ. ಹಿಡಿಯಲು ಎಟಿಪಿ ಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಎಟಿಪಿ ಬೇಕಾಗುವುದು ಹಿಡಿತ ಬಿಡಲು. ಹೊಸ ಎಟಿಪಿ ಬಂದು ಆ ತಲೆಗೆ ಅಂಟಿದ ಕೂಡಲೇ ಅದು ಕೈ ಬಿಡುತ್ತದೆ. ಆಮೇಲೆ ನೀರಿನ ಜೊತೆಗಿನ ಕ್ರಿಯೆ, ಮುಂದಿನ ಎಳೆತ. ಪ್ರಾಣ ಹೋದ ಮೇಲೆ ಎಟಿಪಿ ಮುಗಿಯುತ್ತಾ ಬರುತ್ತದೆ. ಹಿಡಿದ ತಲೆಗಳು ಹಿಡಿದೇ ಉಳಿಯುತ್ತವೆ. ಒಂದೆರಡು ದಿನ ಕಳೆದು ಪ್ರೋಟೀನುಗಳೇ ಕರಗತೊಡಗಿದಾಗ ಮತ್ತೆ ಸಡಿಲವಾಗುತ್ತದೆ.

ನಿಮ್ಮ ದೊಡ್ಡಪ್ಪನಿಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ಸರಿಯಾಗಿ ಗೊತ್ತಿತ್ತು.

ಅಜ್ಜಿ ಮನೆ
ಹಿಡಿದ ಕೈ ಬಿಡಲೂ ಶಕ್ತಿ ಬೇಕು. ಅಮ್ಮನಿಗೆ ಓದಿ ಹೇಳಿದೆ. ಥ್ಯಾಂಕ್ಸ್ ಅಣ್ಣ.

ಪಿಯು ಜೀವಶಾಸ್ತ್ರ
ಎಲ್ಲವನ್ನೂ ಓದಿದೆ. ಸೋಮವಾರ ಈ ಪಾಠ ಇನ್ನೊಂದು ಸೆಕ್ಷನ್ನಿಗೆ ಇದೆ. "ಬಂಧ ಮುರಿದು" ಎಂಬ ಮಾತನ್ನು ಬಿಟ್ಟು "ಎಟಿಪಿ ನೀರಿನೊಂದಿಗೆ ವರ್ತಿಸಿ ಎಡಿಪಿ ಮತ್ತು ಫಾಸ್ಫೇಟ್ ಆದಾಗ" ಎಂದು ಬರೆಸುತ್ತೇನೆ. ಒಂದೆರಡು ಪದ ಜಾಸ್ತಿ, ಅಷ್ಟೇ. ಸಂಪು-ಟ್ಯಾಂಕ್ ಕೂಡ ಹೇಳುತ್ತೇನೆ, ಹಳೇ ಪುಸ್ತಕದವರ ತಿದ್ದುಪಡಿಯನ್ನೂ ಸೇರಿಸಿ.

ದಾವಣಗೆರೆ ಸುಮಾ
ಸರ್, ತುಂಬಾ ಸಂತೋಷವಾಯಿತು. ಮಗಳು ಎರಡೂ ನೋಟ್ಸಿನ ನಡುವೆ ಒಂದು ಹಾಳೆ ಅಂಟಿಸಿದ್ದಾಳೆ. ಸಂಪು, ಟ್ಯಾಂಕ್, ನಡುವೆ ಮೋಟಾರಿನ ಜಾಗದಲ್ಲಿ 8 ಹಲ್ಲಿನ ಚಕ್ರ. ಕೆಳಗೆ ಒಂದು ಪ್ರಶ್ನೆ ಬರೆದಿದ್ದಾಳೆ: "ಚಕ್ರ ತಿರುಗಲು ಪೊರೆಯ ಎರಡು ಬದಿ ಬೇಕು. ಪೊರೆ ಮಾಡಲು ಎಟಿಪಿ ಬೇಕು. ಮೊದಲನೇ ಜೀವಕೋಶಕ್ಕೆ ಇದೆಲ್ಲ ಯಾರು ಕೊಟ್ಟರು?"

ಕಿಣ್ವ
ಮೇಡಂ, ಅವಳಿಗೆ ಹೇಳಿ, ಇದಕ್ಕೊಂದು ಹೊಸ ಚರ್ಚೆ ಶುರು ಮಾಡಲಿ. ಸಮುದ್ರದ ತಳದ ಬಿಸಿ ಊಟೆಗಳಿಂದ ಶುರು ಮಾಡಬೇಕು. ನಾಳೆ ರಾತ್ರಿ ಊಟ ಆದ ಮೇಲೆ ಬರುತ್ತೇನೆ.